ತೋರಿಸದ ಹಲ್ಲು

ನನ್ನ ಎದುರಿನ ಮಹಡಿಗೆ ಅವನ ಬೋರ್ಡು ಏರಿದ್ದು ಕಾರ್ತಿಕದ ಒಂದು ಸೋಮವಾರ. ನೀಲಿಯ ಮೇಲೆ ಬಿಳಿ ಅಕ್ಷರ. ಹೆಸರಿನ ಮುಂದೆ ಕಲ್ಕತ್ತೆಯ ಕಾಲೇಜು ಕೊಟ್ಟ ಇಂಗ್ಲಿಷ್ ಅಕ್ಷರಗಳು ಬೇರೆ. ಬೋರ್ಡು ನೆಟ್ಟಗಿದೆಯೋ ಇಲ್ಲವೋ ನೋಡಲು ಅವನು ರಸ್ತೆಗಿಳಿದು, ಹಿಂದೆ ಹಿಂದೆ ಬಂದು, ಕೊನೆಗೆ ನನ್ನ ಮೆಟ್ಟಿಲ ಬುಡದಲ್ಲೇ ನಿಂತು ತಲೆಯೆತ್ತಿ, "ಸರಿಯಾಗಿದೆಯೇನೋ?" ಎಂದು ನನ್ನನ್ನೇ ಕೇಳಿದ. "ಸರಿಯಾಗಿದೆ" ಎಂದೆ. ಎಡಗಡೆ ಒಂದಂಗುಲ ಇಳಿದಿತ್ತು. ಹಾಗೇ ಇರಲಿ ಎಂದುಕೊಂಡೆ.

ಅವನೂ ನಾನೂ ಮೈಸೂರಿನಲ್ಲಿ ಒಬ್ಬರೇ ಗುರುಗಳ ಕೈಕೆಳಗೆ ಹಲ್ಲಿನ ಕೆಲಸ ಕಲಿತವರು. ಇಬ್ಬರಲ್ಲಿ ಒಬ್ಬನನ್ನು ಕಾಲೇಜಿಗೆ ಕಳಿಸುತ್ತೇನೆ ಎಂದ ಗುರುಗಳು ಅವನನ್ನು ಕಳಿಸಿದರು. ನಾನು ಅರಸೀಕೆರೆಗೆ ಬಂದು ಸ್ಟೇಷನ್ ರಸ್ತೆಯಲ್ಲಿ ಕೊಬ್ಬರಿ ಮಂಡಿಯ ಮೇಲಿನ ಕೋಣೆ ಹಿಡಿದೆ. ಸುತ್ತಿನ ಊರುಗಳಿಗೆಲ್ಲ ಹಲ್ಲು ಎಂದರೆ ನಾನೇ ಆಗಿದ್ದೆ. ಜನ "ಡಾಕ್ಟ್ರೇ" ಎನ್ನುತ್ತಿದ್ದರು, ನಾನು ಬೇಡ ಎನ್ನುತ್ತಿರಲಿಲ್ಲ. ಈಗ ಎದುರಿಗೆ ನಿಜವಾದ ಡಾಕ್ಟರು ಬಂದು ಕೂತ. ನನಗೆ ಹೊಟ್ಟೆ ಉರಿಯಿತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಬೆಳಕಿಗೆಂದು ನನ್ನ ಕುರ್ಚಿಯನ್ನು ಕಿಟಕಿಯ ಪಕ್ಕದಲ್ಲೇ ಹಾಕಿದ್ದೆ. ರೋಗಿಯ ಬಾಯಿಗೆ ಬಗ್ಗಿದವನು ಕತ್ತು ಸ್ವಲ್ಪ ಎತ್ತಿದರೆ ಸಾಕು, ಅವನ ವರಾಂಡದ ಬೆಂಚು ಕಾಣುತ್ತಿತ್ತು. ಬೆಂಚಿನ ಮೇಲೆ ಎಷ್ಟು ಜನ ಕೂತಿದ್ದಾರೆ ಎಂದು ಎಣಿಸುವ ಚಟ ಆ ತಿಂಗಳೇ ಅಂಟಿಕೊಂಡಿತು.

ಹಾರನಹಳ್ಳಿಯ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ನನ್ನ ಹಳೆಯ ರೋಗಿ. ಮೂವತ್ತರ ಆಸುಪಾಸು, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ಬೇಲೂರಿನ ದೇವಸ್ಥಾನದಲ್ಲಿ ಸೇವೆಗಿದ್ದ ಚಿಕ್ಕಪ್ಪನ ಮನೆಯ ಅಡಿಗೆಮನೆಯಿಂದ ಓದಿನ ಬಲದಲ್ಲಿ ಹೊರಬಿದ್ದು, ತಾಯಿಯನ್ನು ಕರೆದುಕೊಂಡು ಬಂದು ಸ್ವಂತ ಸಂಬಳದ ಮೇಲೆ ಬದುಕುತ್ತಿದ್ದರು. ಎರಡು ವರ್ಷದ ಹಿಂದೆ ಬಾವಿಕಟ್ಟೆಯಲ್ಲಿ ಜಾರಿಬಿದ್ದು ಮೇಲಿನ ಮುಂದಿನ ನಾಲ್ಕು ಹಲ್ಲು ಹೋದಾಗ ಅವರಿಗೆ ಕಟ್ಟುಹಲ್ಲಿನ ಪ್ಲೇಟು ಮಾಡಿಕೊಟ್ಟವನು ನಾನು. ಕೆಂಪು ಗಟ್ಟಿ ರಬ್ಬರಿನ ಪ್ಲೇಟು, ಅಂಗುಳಕ್ಕೆ ಪೂರ್ತಿ ಅಂಟಿಕೊಂಡು ಕೂರುವಂಥದ್ದು. ಅದನ್ನು ಹಾಕಿಕೊಂಡು ಅವರು ಪಾಠ ಓದಿದರೆ ಒಂದು ಅಕ್ಷರವೂ ಜಾರುತ್ತಿರಲಿಲ್ಲ. ನನ್ನ ಕೈಯಿಂದ ಅದಕ್ಕಿಂತ ಚೆನ್ನಾದ ಕೆಲಸ ಅಲ್ಲಿಯತನಕ ಆಗಿರಲಿಲ್ಲ.

ಪುಷ್ಯಮಾಸದಲ್ಲಿ ಅವರು ಬಂದು, "ಅಂಗುಳದಲ್ಲಿ ಏನೋ ತರಿತರಿ ಅನ್ನತ್ತೆ ಡಾಕ್ಟ್ರೇ, ಖಾರ ತಗುಲಿದರೆ ಉರಿಯತ್ತೆ" ಎಂದರು. ಕನ್ನಡಿ ಹಿಡಿದು ನೋಡಿದೆ. ಪ್ಲೇಟಿನ ಅಡಿಯಲ್ಲಿ, ಅಂಗುಳದ ಬಲಗಡೆ, ಮೆಂತ್ಯದ ಕಾಳಿನಷ್ಟು ಅಗಲದ ಒಂದು ಕೆಂಪು ಗುಳಿ. ಪ್ಲೇಟು ಒತ್ತಿ ಆದ ಹುಣ್ಣು ಎಂದು ತೀರ್ಮಾನ ಮಾಡಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಇಂಥದ್ದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಹುಣ್ಣನ್ನು ಹತ್ತಿಯಿಂದ ಒರೆಸಿ ಒಣಗಿಸಿ, ನೇರಳೆ ಬಣ್ಣ ಬಿಡುವ ಕಾಪಿಯಿಂಗ್ ಪೆನ್ಸಿಲಿನಿಂದ ಅದರ ಮೇಲೆ ಗುರುತು ಹಾಕಬೇಕು. ಪ್ಲೇಟು ಕೂರಿಸಿ ತೆಗೆದರೆ ಆ ಗುರುತು ಪ್ಲೇಟಿಗೆ ಅಚ್ಚಾಗುತ್ತದೆ. ಕಾಲಲ್ಲಿ ಯಂತ್ರ ತುಳಿಯುತ್ತ ಅಷ್ಟು ಜಾಗವನ್ನು ಮಾತ್ರ ಉಜ್ಜಬೇಕು. ಹಾಗೇ ಉಜ್ಜಿದೆ, ಹುಣ್ಣಿಗೆ ಬೋರಿಕ್ ಗ್ಲಿಸರಿನ್ ಸವರಿದೆ, ವಾರದಲ್ಲಿ ಮಾಯುತ್ತದೆ ಎಂದು ಕಳಿಸಿದೆ.

ಅದು ಮಾಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬಂದಾಗ ಒಂದರ ಜಾಗದಲ್ಲಿ ಮೂರಾಗಿತ್ತು. ಕೆನ್ನೆಯ ಒಳಗೆ ಒಂದು ಕೆಂಪು ಜಾಗ, ಅದರ ಸುತ್ತ ಸಣ್ಣ ಸಣ್ಣ ಬಿಳಿ ಗೆರೆ. ಕೆಳತುಟಿ ಸಿಪ್ಪೆ ಏಳುತ್ತಿತ್ತು. ಎರಡು ಕೆನ್ನೆಗೂ ಮೂಗಿನ ಮೇಲಕ್ಕೂ ಕೆಂಪು ಮಚ್ಚೆ ಹರಡಿತ್ತು. ಅವರು ಕುರ್ಚಿಯಲ್ಲಿ ಕೂತು ಹೇಳತೊಡಗಿದರು: "ಹೋದ ವಾರ ಮಕ್ಕಳನ್ನ ಹಳೇಬೀಡಿಗೆ ಕರ್ಕೊಂಡು ಹೋಗಿದ್ದೆ ಡಾಕ್ಟ್ರೇ. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಬಿಸಿಲಲ್ಲೇ. ಬಂದ ಮೂರನೇ ದಿನ ನೋಡಿ..."

ಆ ಹೊತ್ತಿಗೆ ಸರಿಯಾಗಿ ನಮ್ಮ ಕೆಳಗಿನ ಮಂಡಿಯ ಸಾಹುಕಾರರು, ಯಾರ ಮಾಳಿಗೆಯಲ್ಲಿ ನಾನು ಇಷ್ಟು ವರ್ಷ ಕೂತಿದ್ದೆನೋ ಅವರು, ದವಡೆ ಹಿಡಿದುಕೊಂಡು ಎದುರಿನ ಮೆಟ್ಟಿಲು ಹತ್ತುತ್ತಿದ್ದರು. ನನ್ನ ಕೈಯಲ್ಲಿ ಕನ್ನಡಿ ಇತ್ತು, ಕಣ್ಣು ಅಲ್ಲಿತ್ತು. ಉಪಾಧ್ಯಾಯಿನಿ ಮುಂದೆ ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ. "ಹೌದೌದು" ಎಂದು ಪೆನ್ಸಿಲು ತೆಗೆದುಕೊಂಡೆ. ಮತ್ತೆ ಗುರುತು ಹಾಕಿದೆ, ಮತ್ತೆ ಉಜ್ಜಿದೆ.

ಮಾಘದಲ್ಲಿ ತಾಯಿಯೂ ಜೊತೆಗೆ ಬಂದರು. ಊರಿನಲ್ಲಿ ಮಾತು ಹುಟ್ಟಿಕೊಂಡಿತ್ತು. ಮುಖದ ಮಚ್ಚೆ, ತುಟಿಯ ಬಿರುಕು ನೋಡಿ ಯಾರೋ ದೊಡ್ಡರೋಗ ಅಂದಿದ್ದರು. ನಮ್ಮ ಕಡೆ ಕುಷ್ಠದ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡರೋಗ ಎಂದರೆ ಎಲ್ಲರಿಗೂ ಗೊತ್ತು. ಆರೇಳು ಹುಡುಗಿಯರು ಶಾಲೆಗೆ ಬರುವುದು ನಿಂತಿತ್ತು. ಪಂಚಾಯ್ತಿ ಚೇರ್ಮನ್ನರು ಮರ್ಯಾದೆಯಿಂದಲೇ ಕರೆಸಿ, ಯುಗಾದಿಯೊಳಗೆ ಡಾಕ್ಟರ ಕಾಗದ ತರಬೇಕು, ಇಲ್ಲವಾದರೆ ಬೇರೆಯವರನ್ನು ಹಾಕಿ ಎಂದು ಮೇಲಕ್ಕೆ ಬರೆಯಬೇಕಾಗುತ್ತದೆ ಎಂದಿದ್ದರು.

"ಕೆಲಸ ಹೋದ್ರೆ ಬೇಲೂರಿಗೆ ವಾಪಸು ಹೋಗ್ಬೇಕು" ಎಂದರು ತಾಯಿ. "ಈ ಮಾತು ಅಲ್ಲಿಗೆ ಮುಟ್ಟಿದ್ರೆ ಅವರೂ ಒಳಗೆ ಸೇರಿಸಲ್ಲ. ಎದುರುಗಡೆಯವರಿಗೂ ಒಂದು ಸಲ ತೋರಿಸೋಣವೇನಪ್ಪಾ?"

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಆ ತಾಯಿ ಕೇಳಿದ್ದರಲ್ಲಿ ಏನು ತಪ್ಪಿತ್ತು? ಆದರೆ ನನಗೆ ಕೇಳಿಸಿದ್ದು 'ಎದುರುಗಡೆಯವರು' ಅನ್ನುವುದೊಂದೇ.

"ಪ್ಲೇಟು ಮಾಡಿದವನು ನಾನು ತಾಯೀ. ಅದರ ಹುಣ್ಣು ನನಗೆ ಗೊತ್ತಿರದೆ ಅವರಿಗೇನು ಗೊತ್ತಾಗತ್ತೆ? ಹೊಸ ಪ್ಲೇಟೇ ಮಾಡಿಕೊಡ್ತೀನಿ" ಎಂದೆ. ಅವರು ಮಗಳ ಮುಖ ನೋಡಿದರು.

ಆ ಪ್ಲೇಟಿನ ಮೇಲೆ ನಾನು ಸುರಿದ ಶ್ರದ್ಧೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಹೊಸ ಅಚ್ಚು ತೆಗೆದೆ, ಪ್ಲಾಸ್ಟರು ಎರೆದೆ, ಮೇಣದಲ್ಲಿ ಹಲ್ಲು ಜೋಡಿಸಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ರಬ್ಬರು ತುಂಬಿ ಹಬೆಪಾತ್ರೆಯಲ್ಲಿಟ್ಟು ಸ್ಟವ್ ಹಚ್ಚಿ ಒಂದು ಗಂಟೆಯ ಮೇಲೆ ಹಬೆಯ ಒತ್ತಡ ತೋರಿಸುವ ಮುಳ್ಳು ನೋಡುತ್ತ ಕೂತೆ. ಮರಳುಕಾಗದದಿಂದ ತಿಕ್ಕಿ, ಸೀಮೆಸುಣ್ಣದ ಪುಡಿಯಿಂದ ಹೊಳಪು ಕೊಟ್ಟೆ. ಕಾಲೇಜಿನವನಿಗೆ ಈ ಜನ್ಮದಲ್ಲಿ ಇಂಥ ಪ್ಲೇಟು ಮಾಡಲು ಬರುವುದಿಲ್ಲ ಎಂದು ಅದನ್ನು ಬೆಳಕಿಗೆ ಹಿಡಿದು ನೋಡಿಕೊಂಡೆ. ಅದನ್ನು ಹಾಕಿಕೊಂಡವರ ಬಾಯಿ ಮಾತ್ರ ಇದ್ದ ಹಾಗೇ ಇತ್ತು.

ಆಗ ಒಂದು ಕೆಟ್ಟ ಕೆಲಸ ಮಾಡಿದೆ. ಆ ಕಾಲದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೂ ಒಂದು ಮಾತು ಹೇಳುತ್ತಿದ್ದರು: ಕೀಲುನೋವಿರಲಿ, ಚರ್ಮದ ಕಾಯಿಲೆಯಿರಲಿ, ಹಲ್ಲಿನ ಬೇರಿನಲ್ಲಿ ಅಡಗಿದ ಕೀವಿನ ವಿಷವೇ ಕಾರಣ, ಹಲ್ಲು ಕಿತ್ತರೆ ರೋಗ ಹೋಗುತ್ತದೆ ಎಂದು. ಔಷಧಿ ಕಂಪನಿಯ ಏಜೆಂಟನೊಬ್ಬ ಕೊಟ್ಟುಹೋದ ಕರಪತ್ರದಲ್ಲೂ ಅದೇ ಇತ್ತು. ಉಪಾಧ್ಯಾಯಿನಿಯವರ ಬಲಗಡೆಯ ಕೋರೆಹಲ್ಲಿನ ಹಿಂದಿನ ಹಲ್ಲನ್ನು ಕನ್ನಡಿಯ ಹಿಡಿಯಿಂದ ತಟ್ಟಿದೆ. ಅವರು ಮುಖ ಹಿಂಡಲಿಲ್ಲ. ತಣ್ಣೀರು ಬಿಟ್ಟೆ, ಬೇರೆ ಹಲ್ಲಿನಂತೆಯೇ ತಣ್ಣಗಾಯಿತು ಎಂದರು, ಅಷ್ಟೇ. ಒಸಡು ಗಟ್ಟಿಯಾಗಿತ್ತು. ಹಲ್ಲು ಚೆನ್ನಾಗಿದೆ ಎಂದು ನನಗೆ ಕಲಿಸಿದ್ದ ಪರೀಕ್ಷೆಗಳೆಲ್ಲ ಹೇಳುತ್ತಿದ್ದವು. ಆದರೂ ಸೂಜಿ ಕೊಟ್ಟು, ಇಕ್ಕಳ ಹಾಕಿ ಕಿತ್ತೆ. ಏಕೆಂದರೆ ಇನ್ನು ಬೇರೆ ಏನೂ ಮಾಡಲು ಉಳಿದಿರಲಿಲ್ಲ. ಏನೂ ಉಳಿದಿಲ್ಲ ಎಂದರೆ ಅವರು ರಸ್ತೆ ದಾಟುತ್ತಿದ್ದರು.

ಬೇರು ಬೆಳ್ಳಗಿತ್ತು. ತುದಿಯವರೆಗೂ ನುಣ್ಣಗೆ, ಕೀವಿನ ಸುಳಿವಿಲ್ಲದೆ.

ಕಿತ್ತ ಹಲ್ಲನ್ನು ತೊಳೆದು ಹತ್ತಿಯ ಮೇಲಿಟ್ಟು ರೋಗಿಗೆ ತೋರಿಸುವುದು ನಮ್ಮ ಗುರುಗಳ ಪದ್ಧತಿ. ಯಾಕೆ ಕಿತ್ತೆವು ಅನ್ನುವುದು ಕಿತ್ತಿಸಿಕೊಂಡವರ ಕಣ್ಣಿಗೆ ಬೀಳಬೇಕು ಎನ್ನುತ್ತಿದ್ದರು. ಅಲ್ಲಿಯತನಕ ನಾನು ಅದನ್ನು ತಪ್ಪಿಸಿರಲಿಲ್ಲ. ಆವತ್ತು ಹಲ್ಲನ್ನು ಅಂಗೈಯಲ್ಲಿ ಮುಚ್ಚಿಕೊಂಡೆ. ಬಾಗಿಲ ಬಳಿ ನಿಂತಿದ್ದ ತಾಯಿ, "ಕೀವಿತ್ತೇನಪ್ಪಾ?" ಎಂದರು. "ಇತ್ತು" ಎಂದೆ. ಅವರು ಇಳಿದುಹೋದ ಮೇಲೆ ಹಲ್ಲನ್ನು ಖಾಲಿ ಬೆಂಕಿಪೆಟ್ಟಿಗೆಯಲ್ಲಿಟ್ಟು ಮೇಜಿನ ಖಾನೆಯ ಹಿಂದಕ್ಕೆ ತಳ್ಳಿದೆ. ಎಸೆಯಲು ಯಾಕೋ ಕೈ ಬರಲಿಲ್ಲ.

ಯುಗಾದಿಗೆ ಇನ್ನು ಹತ್ತು ದಿನವಿದೆ ಎನ್ನುವಾಗ ಅಮ್ಮ ಮಗಳು ಮತ್ತೆ ಬಂದರು. ಕಿತ್ತ ಜಾಗ ಇನ್ನೂ ಪೂರ್ತಿ ಕೂಡಿರಲಿಲ್ಲ. ಬಾಯಿ ಒಣಗಿ ನಾಲಗೆ ಅಂಟುತ್ತಿತ್ತು, ನೀರು ಕುಡಿದು ಕುಡಿದು ಮಾತಾಡುತ್ತಿದ್ದರು. ನಾನು ಪೆನ್ಸಿಲು ಹದಮಾಡಿಕೊಳ್ಳುತ್ತ, "ಹೊಸದೂ ಒತ್ತಿ ನೋಯಿಸತ್ತಾ ಅಮ್ಮಾ?" ಎಂದು ಕೇಳಿದೆ.

"ನೋಯಿಸಲ್ಲ ಡಾಕ್ಟ್ರೇ. ಹಳೇದೂ ಯಾವತ್ತೂ ನೋಯಿಸಿರಲಿಲ್ಲವಲ್ಲ."

"ಏನಂದ್ರಿ?"

"ಪ್ಲೇಟು ಹಾಕ್ಕೊಂಡ್ರೆ ನೋವಿಲ್ಲ. ಒತ್ತಿ ನೋಡಿದ್ರೂ ನೋವಿಲ್ಲ. ಖಾರ ತಿಂದ್ರೆ ಮಾತ್ರ ಉರಿ. ನಾನು ಮೊದಲನೇ ದಿನಾನೇ ಹೇಳಿದ್ನಲ್ಲ."

ಪ್ಲೇಟು ಒತ್ತಿ ಆದ ಹುಣ್ಣು ನೋಯುತ್ತದೆ. ಮುಟ್ಟಿಸಿಕೊಳ್ಳುವುದಿಲ್ಲ, ರೋಗಿ ಕುರ್ಚಿಯಿಂದ ಏಳುತ್ತಾನೆ. ಇದು ಕೆಲಸಕ್ಕೆ ಸೇರಿದ ಮೊದಲ ವರ್ಷದ ಪಾಠ. ಯಾವ ತಪ್ಪೂ ಇಲ್ಲದ ಪ್ಲೇಟನ್ನು ನಾನು ಪುಷ್ಯದಿಂದ ಉಜ್ಜುತ್ತಿದ್ದೆ. ಯಾವ ತಪ್ಪೂ ಇಲ್ಲದ ಹಲ್ಲನ್ನು ಕಿತ್ತಿದ್ದೆ. ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಕೇಳುವುದಕ್ಕೆ ಅವರ ಮುಖ ನೋಡಬೇಕಿತ್ತು, ನಾನು ಬೆಂಚು ನೋಡುತ್ತಿದ್ದೆ.

ಪೆನ್ಸಿಲು ಕೆಳಗಿಟ್ಟೆ. ಇನ್ನೂ ಹತ್ತು ದಿನ ಏನಾದರೊಂದು ಸವರಿ ದೂಡಬಹುದಿತ್ತು, ಅದೂ ತಲೆಗೆ ಬಂತು. ಆಮೇಲೆ ಮಕ್ಕಳಿಲ್ಲದ ಶಾಲೆ, ಬೇಲೂರಿನ ಮುಚ್ಚಿದ ಬಾಗಿಲು. "ಏಳೀಮ್ಮಾ" ಎಂದೆ, "ಎದುರುಗಡೆ ಹೋಗೋಣ. ನಾನೂ ಬರ್ತೀನಿ."

ಆ ರಸ್ತೆ ಇಪ್ಪತ್ತು ಹೆಜ್ಜೆಯೂ ಇಲ್ಲ. ಮಂಡಿಯ ಹಮಾಲಿಗಳು ಮೂಟೆ ಹೊತ್ತವರು ಹಾಗೇ ನಿಂತು ನೋಡಿದರು. ಒಬ್ಬ, "ಏನ್ಲಾ, ನಮ್ ಡಾಕ್ಟ್ರೇ ಅಲ್ಲಿಗ್ ಹೊಂಟವ್ರೆ, ಅವ್ರಿಗೇ ಹಲ್ನೋವೇನ್ಲಾ?" ಎಂದು ಇನ್ನೊಬ್ಬನನ್ನು ಕೇಳಿದ್ದು ನನಗೂ ಕೇಳಿಸಿತು.

ಮಹಡಿಯ ಮೇಲೆ ಆ ಕಾಲೇಜಿನವನು ನನ್ನನ್ನು ಕಂಡು, ದಿನಾ ಬಂದುಹೋಗುವವನನ್ನು ಕರೆಯುವಂತೆ "ಬಾರೋ" ಎಂದ. ಜಂಬ ಕೊಚ್ಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬಾಯಿಗೆ ಕೈಹಾಕುವ ಮೊದಲೇ ಅವನು ಮುಂದೆ ಸ್ಟೂಲು ಎಳೆದುಕೊಂಡು ಕೂತು ಅಮ್ಮ ಮಗಳ ಮುಖ ನೋಡಿ, "ಯಾವಾಗ ಹೆಚ್ಚಾಗತ್ತಮ್ಮಾ ಇದು? ಯಾವಾಗ ಕಡಿಮೆಯಾಗತ್ತೆ?" ಎಂದ. ತಾಯಿ ಹೇಳಿದರು: ಬೇಲೂರಿಗೆ ಹೋಗಿ ಬಂದಾಗಲೆಲ್ಲ ಹೆಚ್ಚು. ಮಧ್ಯಾಹ್ನದ ಬಸ್ಸು, ಆಮೇಲೆ ಆ ಕಲ್ಲುಹಾಸಿನ ಪ್ರಾಕಾರದಲ್ಲಿ ಪ್ರದಕ್ಷಿಣೆ. ಅಲ್ಲಿಯವರ ದೃಷ್ಟಿ ತಾಕುತ್ತದೆ ಎಂದು ತಾವು ಪ್ರತಿಸಲವೂ ನಿವಾಳಿಸುತ್ತಿದ್ದರಂತೆ. ಹಳೇಬೀಡಿಗೆ ಹೋಗಿಬಂದ ಮೇಲಂತೂ ಮುಖ ಕೆಂಡವಾಯಿತು, ಬಾಯಿಯೂ ಆಗಲೇ ಕೆಟ್ಟಿದ್ದು.

"ಎಲ್ಲಾ ಬಿಸಿಲಿನ ದಿನಗಳು" ಎಂದ ಅವನು. ಆ ಬಿಸಿಲಿನ ಮಾತನ್ನು ಉಪಾಧ್ಯಾಯಿನಿ ಮೊದಲು ಹೇಳಿದ್ದು ನನ್ನ ಕುರ್ಚಿಯಲ್ಲಿ. ನಾನು ಗೋಡೆ ನೋಡಿದೆ.

ಆಮೇಲೆ ಅವನು ಉಪಾಧ್ಯಾಯಿನಿಯವರಿಗೆ ಕಣ್ಣು ಮುಚ್ಚಲು ಹೇಳಿ, ಕೆನ್ನೆಯ ಮಚ್ಚೆಯ ಮೇಲೆ ಹತ್ತಿಯ ಎಳೆ ಮುಟ್ಟಿಸಿದ, ಒಮ್ಮೆ ಗುಂಡುಸೂಜಿಯ ಮೊನೆ, ಒಮ್ಮೆ ಅದರ ತಲೆ. ಅವರು ಒಂದೊಂದನ್ನೂ ಸರಿಯಾಗಿ ಹೇಳಿದರು. "ದೊಡ್ಡರೋಗದ ಮಚ್ಚೆಯಲ್ಲಿ ಸ್ಪರ್ಶ ಮಂಕಾಗಿರತ್ತೆ. ಇದು ಅದಲ್ಲ ಅಂತ ನನಗನ್ನಿಸತ್ತೆ" ಎಂದ. ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಬಾಯಿಯ ಒಳಗೆ ಬಹಳ ಹೊತ್ತು ನೋಡಿದ. ನೋಡಿ ಕನ್ನಡಿ ತೆಗೆದು, "ಇದೇನು ಅಂತ ನನಗೆ ಗೊತ್ತಿಲ್ಲಮ್ಮಾ. ಬಾಯಿಯದೂ ಮುಖದ್ದೂ ಒಂದೇ ಕಾಯಿಲೆ, ಅಷ್ಟು ಗೊತ್ತು. ಬೆಂಗಳೂರಿನಲ್ಲಿ ಚರ್ಮದ ಡಾಕ್ಟರಿದ್ದಾರೆ, ಅವರಿಗೆ ಕಾಗದ ಕೊಡ್ತೀನಿ" ಎಂದ.

ಬೋರ್ಡು, ಕಾಲೇಜು, ಬೆಂಚು, ಇವಕ್ಕೆಲ್ಲ ನಾನು ಪಟ್ಟ ಹೊಟ್ಟೆಕಿಚ್ಚು ಆ ಒಂದು ಮಾತಿನ ಮುಂದೆ ಏನೂ ಅಲ್ಲ. ಗೊತ್ತಿಲ್ಲ ಎಂದ, ಅವನ ಮುಖ ಹಾಗೇ ಇತ್ತು. ಅಮ್ಮ ಮಗಳಿಗೆ ಅವನ ಮೇಲಿನ ನಂಬಿಕೆ ಹೆಚ್ಚೇ ಆಯಿತು, ನಾನು ಕಣ್ಣಾರೆ ನೋಡಿದೆ. ಅದೇ ಮಾತು ಪುಷ್ಯದಲ್ಲಿ ನನ್ನ ಬಾಯಿಂದ ಬಂದಿದ್ದರೆ?

ಅವರನ್ನು ವರಾಂಡದಲ್ಲಿ ಕೂರಿಸಿ ಅವನು ಇಂಗ್ಲಿಷಿನಲ್ಲಿ ಕಾಗದ ಬರೆಯತೊಡಗಿದ, ನಾನು ಮಾಡಿದ್ದನ್ನೆಲ್ಲ ಹೇಳುತ್ತ ಹೋದೆ. ಹಲ್ಲು ಕಿತ್ತಿದ್ದಕ್ಕೆ ಬಂದಾಗ, "ಕೀವಿತ್ತಾ?" ಎಂದ.

"ಇರಲಿಲ್ಲ. ಒಳ್ಳೇ ಹಲ್ಲು. ಗೊತ್ತಿದ್ದೇ ಕಿತ್ತೆ."

ಅವನು ಲೇಖನಿ ಎತ್ತಿದ. "ಇದನ್ನ ಬಿಟ್ಟುಬಿಡೋಣ ಕಣೋ. ಒಂದು ಹಲ್ಲು ಹೋಗಿದೆ ಅಂತ ಬರೆದ್ರೆ ಸಾಕು. ನಾಳೆ ಯಾರಾದ್ರೂ ಓದಿದ್ರೆ ನಿನಗೇ ತೊಂದರೆ."

ಅವನ ದಯೆ ಬೇರೆ ನನಗೆ ಬೇಕಿತ್ತೆ! "ಬರಿ. ಒಳ್ಳೇ ಹಲ್ಲು ಕಿತ್ತೆ ಅಂತಲೇ ಬರಿ" ಎಂದೆ. ಬರೆದ. ಏಳುವಾಗ, "ನಿನ್ನ ಬೋರ್ಡು ಎಡಗಡೆ ಇಳಿದಿದೆ" ಎಂದೆ. ಅವನು ನಕ್ಕು, "ಇರಲಿ ಬಿಡೋ, ಜನ ಹೇಗೂ ಬರ್ತಾರಲ್ಲ" ಎಂದ. ಆ ಮಾತಿಗೆ ಇಡೀ ದಿನ ಉರಿದುಕೊಂಡೆ.

ಅಮ್ಮ ಮಗಳು ಬೆಂಗಳೂರಿನಲ್ಲಿ ಐದು ದಿನ ಇದ್ದು ಬಂದರು. ಉತ್ತರ ಬಂದದ್ದು ಅವನ ವಿಳಾಸಕ್ಕೆ; ಅವನು ರಸ್ತೆ ದಾಟಿ ತಂದು ಓದಿ ಹೇಳಿದ. ಕಾಯಿಲೆಯ ಹೆಸರು ಲೂಪಸ್. ಕುಷ್ಠವಲ್ಲ, ಅಂಟುರೋಗವಲ್ಲ. ಕೆಲವರಲ್ಲಿ ಚರ್ಮದ ಜೊತೆಗೆ ತುಟಿ, ಕೆನ್ನೆಯ ಒಳಭಾಗ, ಅಂಗುಳದಲ್ಲೂ ಹುಣ್ಣಾಗುತ್ತದೆ, ಅಂಗುಳದ್ದು ಎಷ್ಟೋ ಸಲ ನೋವೇ ಕೊಡುವುದಿಲ್ಲ. ಪೂರ್ತಿ ಹೋಗಲಾಡಿಸುವ ಮದ್ದಿಲ್ಲ. ಕ್ವಿನೈನು ತೆಗೆದುಕೊಳ್ಳಲಿ, ಬಿಸಿಲಿಗೆ ಹೋಗದಿರಲಿ, ಹೋದರೆ ಕೊಡೆ ಇರಲಿ. ಬಾಯಿ ಒಣಗುವುದರಿಂದ ಹಲ್ಲು ಬೇಗ ಹುಳುಕಾಗಬಹುದು, ಚೊಕ್ಕಟವಾಗಿಡಲಿ. ಪ್ಲೇಟು ಅಂಗುಳವನ್ನು ಮುಚ್ಚದಿರಲಿ. ಕೊನೆಯಲ್ಲಿ ಹೀಗಿತ್ತು: ಉಳಿದ ಹಲ್ಲುಗಳನ್ನೂ ತೆಗೆಸೋಣವೆಂದು ಇಲ್ಲಿ ಒಬ್ಬರು ಹೇಳಿದ್ದರು, ಕಿತ್ತ ಹಲ್ಲು ಆರೋಗ್ಯವಾಗಿತ್ತೆಂದು ನಿಮ್ಮ ಕಾಗದದಲ್ಲಿದ್ದುದರಿಂದ ಬೇಡವೆಂದು ನಿಲ್ಲಿಸಿದೆವು.

ಕಾಗದ ಬಂದರೂ ಹಾರನಹಳ್ಳಿಗೆ ಅದು ಸಾಲಲಿಲ್ಲ. ಇಂಗ್ಲಿಷ್ ಕಾಗದದಲ್ಲಿ ಏನು ಬೇಕಾದರೂ ಬರೆದಿರಬಹುದು ಎಂದರು. ಯುಗಾದಿಯ ಹಿಂದಿನ ದಿನ ನಾನೇ ಬಸ್ಸು ಹತ್ತಿದೆ. ಶಾಲೆಯ ಜಗುಲಿಯ ಮೇಲೆ ಚೇರ್ಮನ್ನರು, ಕೆಳಗೆ ಹದಿನೈದಿಪ್ಪತ್ತು ಜನ ತಂದೆತಾಯಿಗಳು. ಕಾಗದ ಓದಿ ಹೇಳಿದ ಮೇಲೆ ಒಬ್ಬ ಮುದುಕ ಎದ್ದು, "ಅಂಟಕಿಲ್ಲ ಅಂತ ನೀವ್ ಅಂತೀರಾ. ಅಂಟಿದ್ರೆ ನಮ್ ಮಕ್ಳ ಗತಿ ಏನ್ ಸ್ವಾಮಿ? ಅದೆಂಗೆ ನಂಬಾದು?" ಎಂದ.

ನನಗೆ ತೋರಿಸಲು ಬೇರೇನೂ ಇರಲಿಲ್ಲ. ಎರಡು ಕೈಯನ್ನೂ ಮುಂದೆ ಚಾಚಿದೆ. "ಪುಷ್ಯದಿಂದ ಇದೇ ಬೆರಳು ಈ ಅಮ್ಮನ ಬಾಯೊಳಗಿದೆ ಯಜಮಾನ್ರೇ. ಹುಣ್ಣಿನ ಮೇಲೇ ಇಟ್ಟಿದೀನಿ. ನನಗಿಂತ ಹತ್ತಿರ ಯಾರೂ ಹೋಗಿಲ್ಲ. ಬಂದು ನೋಡಿ, ಎಲ್ಲಾದರೂ ಒಂದು ಮಚ್ಚೆ ಇದ್ರೆ ಹೇಳಿ."

ಮುದುಕ ಬಂದೇಬಂದ. ನನ್ನ ಕೈಯನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ, ಉಗುರಿನ ಸಂದಿನವರೆಗೂ ನೋಡಿದ. "ಏನೂ ಇಲ್ಲ ಕಣ್ರಪ್ಪಾ, ಚೆಂದಾಗೈತೆ" ಎಂದು ತಿರುಗಿ ಹೇಳಿದ. ಚೇರ್ಮನ್ನರು ಬೇರೆಯವರಿಗಾಗಿ ಬರೆಯುವ ಮಾತು ಬಿಟ್ಟರು. ಹಬ್ಬ ಕಳೆದ ಮೇಲೆ ಬಿಟ್ಟುಹೋದ ಹುಡುಗಿಯರಲ್ಲಿ ನಾಲ್ವರು ತಿರುಗಿ ಬಂದರು.

ಅಂಗುಳ ಮುಚ್ಚದ ಪ್ಲೇಟನ್ನು ನಾನು ಮಾಡಿರಲಿಲ್ಲ. ಅದರ ಚಿತ್ರ ಅವನ ಪುಸ್ತಕದಲ್ಲಿತ್ತು. "ಚಿತ್ರ ಇದೆ, ನನ್ನ ಕೈಯಲ್ಲಿ ಆಗಲ್ಲ ಕಣೋ, ನೀನೇ ಮಾಡು" ಎಂದು ಪುಸ್ತಕ ಕೊಟ್ಟ. ಹಲ್ಲುಗಳ ಹಿಂದೆ ಬಳೆಯ ತುಂಡಿನ ಹಾಗೆ ಬಾಗಿದ ಪಟ್ಟಿ, ಕೋರೆಹಲ್ಲುಗಳಿಗೆ ತಂತಿಯ ಕೊಂಡಿ. ಎರಡು ಸಲ ಮುರಿಯಿತು, ಮೂರನೆಯದು ನಿಂತಿತು. ನಾನು ಕಿತ್ತ ಹಲ್ಲಿನ ಜಾಗಕ್ಕೂ ಅದರಲ್ಲಿ ಒಂದು ಪಿಂಗಾಣಿ ಹಲ್ಲು ಕೂತಿತು.

ಜ್ಯೇಷ್ಠದಲ್ಲಿ ಶಾಲೆ ತೆರೆಯುವ ಮೊದಲು ಅವರು ಒಬ್ಬರೇ ಬಂದು ಅದನ್ನು ಹಾಕಿಸಿಕೊಂಡರು. ಅಂಗುಳದಲ್ಲಿ ಒಂದು ಗುಳಿ ಮಾತ್ರ ಉಳಿದಿತ್ತು. ಅಲ್ಲೇ ಪತ್ರಿಕೆ ಹಿಡಿದು ಎರಡು ಸಾಲು ಗಟ್ಟಿಯಾಗಿ ಓದಿದರು, ಒಂದಕ್ಷರವೂ ಜಾರಲಿಲ್ಲ. ನಾನು ಖಾನೆ ಎಳೆದು ಬೆಂಕಿಪೆಟ್ಟಿಗೆ ತೆಗೆದೆ. ಹತ್ತಿಯ ಮೇಲೆ ಹಲ್ಲಿಟ್ಟು ಅವರ ಮುಂದೆ ಹಿಡಿದು, "ಇದರಲ್ಲಿ ಕೀವಿರಲಿಲ್ಲ ಅಮ್ಮಾ. ನಾನು ಸುಳ್ಳು ಹೇಳಿದೆ" ಎಂದೆ.

ಅವರು ಹಲ್ಲನ್ನು ತೆಗೆದುಕೊಂಡು ಬೇರಿನ ತುದಿಯವರೆಗೂ ನೋಡಿದರು.

"ಗೊತ್ತಿತ್ತು ಡಾಕ್ಟ್ರೇ" ಎಂದರು. "ಬಾವಿಕಟ್ಟೆಯಲ್ಲಿ ಬಿದ್ದಾಗ ಉಳಿದ ಮೊಂಡುಗಳನ್ನ ಕಿತ್ತು ನಾಲ್ಕನ್ನೂ ತೋರಿಸಿದ್ರಿ, ನಾನು ಬೇಡ ಅಂದ್ರೂ ಬಿಡಲಿಲ್ಲ. ಇದನ್ನ ತೋರಿಸಲಿಲ್ಲ. ಆವತ್ತು ಬಸ್ಸಲ್ಲೇ ಅಮ್ಮನಿಗೆ ಹೇಳಿದೆ."

"ಮತ್ತೆ ನನ್ನ ಹತ್ತಿರವೇ ಬಂದ್ರಲ್ಲಾ?"

"ಇನ್ಯಾರ ಹತ್ತಿರ ಹೋಗ್ಲಿ? ಎದುರುಗಡೆ ಹೋಗಿ ಅಂತ ನೀವು ಹೇಳಿರಲಿಲ್ಲವಲ್ಲ."

ಹಲ್ಲನ್ನು ಬೆಂಕಿಪೆಟ್ಟಿಗೆಗೆ ಹಾಕಿ ತಮ್ಮ ಚೀಲದಲ್ಲಿಟ್ಟುಕೊಂಡರು. ಬಾಗಿಲ ಬಳಿ ಹೋದವರು ನಿಂತು, "ಬೇಜಾರು ಮಾಡ್ಕೋಬೇಡಿ. ಪ್ಲೇಟು ಯಾವತ್ತೂ ನೀವೇ ಮಾಡಿಕೊಡ್ಬೇಕು. ಬಾಯಿ ಮಾತ್ರ ಇನ್ಮೇಲೆ ಅವರು ನೋಡ್ಲಿ" ಎಂದರು.

"ಆಗಲಿ ತಾಯೀ" ಎಂದೆ.

ಮೋಡ ಮುಚ್ಚಿತ್ತು, ಮಳೆ ಬಂದಿರಲಿಲ್ಲ. ಆದರೂ ಕೆಳಗಿಳಿದು ಕಪ್ಪು ಕೊಡೆ ಬಿಚ್ಚಿದರು, ರಸ್ತೆ ದಾಟಿದರು, ಅವನ ಮೆಟ್ಟಿಲ ಬುಡದಲ್ಲಿ ಅದನ್ನು ಮಡಚಿ ಮೇಲೆ ಹತ್ತಿದರು. ಇನ್ನು ಎಣಿಸುವುದಿಲ್ಲ ಎಂದು ಯುಗಾದಿಯ ದಿನ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಬೆಂಚಿನ ಮೇಲೆ ಆಗಲೇ ನಾಲ್ವರಿದ್ದರು. ಅವರು ಐದನೆಯವರಾಗಿ ಕೂತರು.